ನಮ್ಮ ಕಣ್ಣೆದುರಿನ ನಂದಿಬೆಟ್ಟ: ಚರಿತ್ರೆ, ಚೆಲುವು, ನೀರು

'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಬೆಟ್ಟ ಮನೆ ಬಾಗಿಲಲ್ಲೇ ಇದ್ದರೆ? ಆಗ ಅದು ಕಣ್ಣಿಗೇ ಬೀಳುವುದಿಲ್ಲ! ನಂದಿಬೆಟ್ಟದ ಸುತ್ತಲ ಹಳ್ಳಿಗಳವರಾದ ನಮ್ಮ ಪಾಡು ಇದೇ. ಬೆಳಗ್ಗೆ ಹಾಲಿನ ಕ್ಯಾನು ಹಿಡಿದು ಸಂಘದ ಕಡೆ ಹೊರಟರೆ ಎದುರಿಗೆ ಬೆಟ್ಟ. ಸಂಜೆ ದನ ಹೊಡೆದುಕೊಂಡು ಬರುವಾಗ ಬೆನ್ನ ಹಿಂದೆ ಬೆಟ್ಟ. ಮೋಡ ಬಂದು ಅದರ ತಲೆ ಮೇಲೆ ಕೂತರೆ 'ಇವತ್ತು ಮಳೆ ಬಂದ್ರೂ ಬರಬಹುದು ಕಣಪ್ಪ' ಅಂತ ಒಂದು ಮಾತಾಡಿ ಸುಮ್ಮನಾಗುತ್ತೇವೆ. ಬೆಂಗಳೂರಿನವರು ರಾತ್ರಿ ಮೂರು ಗಂಟೆಗೆ ಎದ್ದು, ಗಾಡಿ ಕಟ್ಟಿಕೊಂಡು ಬಂದು, ಸಾಲು ನಿಂತು ಸೂರ್ಯ ಹುಟ್ಟುವುದನ್ನು ನೋಡಿ ಹೋಗುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಮದುವೆಯಾದ ಹೊಸದರಲ್ಲಿ ಒಂದು ಸಲ, ಮೊಮ್ಮಕ್ಕಳ ಕಾಟಕ್ಕೆ ಇನ್ನೊಂದು ಸಲ ಹತ್ತಿದವರು, ಅಷ್ಟೇ.

ನಮ್ಮ ಸಹಕಾರ ಸಂಘ ಇಪ್ಪತ್ತೈದು ವರ್ಷ ತುಂಬಿಸಿ ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ಸ್ಥಳೀಯ ಇತಿಹಾಸದ ಬಗ್ಗೆ ಒಂದು ಲೇಖನ ಬೇಕೆಂದು ಕೇಳಿದರು. ಈ ಬೆಟ್ಟವನ್ನು ಬಿಟ್ಟು ಬೇರೆ ವಿಷಯ ಹುಡುಕುವ ಅಗತ್ಯ ಕಾಣಲಿಲ್ಲ. ಬೆಟ್ಟದ ಚರಿತ್ರೆ, ಅದರ ಚೆಲುವು, ಅದರಿಂದ ಇಳಿಯುವ ನೀರು ಈ ಮೂರನ್ನೂ ಬೇರೆ ಬೇರೆ ಮಾಡಿ ನೋಡಲು ಬರುವುದಿಲ್ಲ ಎಂಬುದನ್ನು ಸದಸ್ಯ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ನೆಲೆ ಮತ್ತು ಹೆಸರು

ನಂದಿಬೆಟ್ಟ ಸಮುದ್ರಮಟ್ಟದಿಂದ 1478 ಮೀಟರ್, ಅಂದರೆ ಹಳೇ ಲೆಕ್ಕದಲ್ಲಿ 4,850 ಅಡಿ ಎತ್ತರದಲ್ಲಿದೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರ. 2007ರವರೆಗೆ ಇದು ಕೋಲಾರ ಜಿಲ್ಲೆಗೆ ಸೇರಿತ್ತು. ಆ ವರ್ಷ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದಾಗ ಬೆಟ್ಟ ಹೊಸ ಜಿಲ್ಲೆಯ ಪಾಲಿಗೆ ಬಂತು. ಬೆಟ್ಟಕ್ಕೆ ಇದೆಲ್ಲ ಏನು ಗೊತ್ತು! ಅದು ಇದ್ದಲ್ಲೇ ಇದೆ.

ಹಿಂದಿನವರು ಇದನ್ನು ನಂದಗಿರಿ, ಆನಂದಗಿರಿ ಎಂದು ಕರೆದರು. ಕೂಷ್ಮಾಂಡ ಋಷಿಗಳು ಇಲ್ಲಿ ತಪಸ್ಸು ಮಾಡಿದರೆಂದು ಕೂಷ್ಮಾಂಡಗಿರಿ ಎಂಬ ಹೆಸರೂ ಇತ್ತೆಂದು ಹೇಳುತ್ತಾರೆ. ಕೋಟೆ ಎದ್ದ ಮೇಲೆ ನಂದಿದುರ್ಗವಾಯಿತು. ಇಂಗ್ಲಿಷರ ಬಾಯಲ್ಲಿ ಅದೇ 'ನಂದಿಡ್ರೂಗ್' ಆಯಿತು. ಅವರ ಆಡಳಿತದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಸೇರಿದ ವಿಭಾಗಕ್ಕೆ 'ನಂದಿದುರ್ಗ ವಿಭಾಗ' ಎಂದೇ ಹೆಸರು. ಕೋಲಾರ ಚಿನ್ನದ ಗಣಿಯಲ್ಲೂ ನಂದಿದುರ್ಗದ ಹೆಸರಿನ ಒಂದು ಗಣಿ ಇತ್ತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಹೆಸರು ಎಲ್ಲೆಲ್ಲೋ ಸುತ್ತಿ ಬಂದರೂ ಸುತ್ತಲಿನ ತೆಲುಗು ಮಾತಿನವರಿಗೆ ಅದು ಇವತ್ತಿಗೂ 'ನಂದಿ ಕೊಂಡ', ನಮಗೆ ಬರೀ 'ಬೆಟ್ಟ'. 'ಬೆಟ್ಟಕ್ಕೆ ಹೋಗಿದ್ದೆ' ಅಂದರೆ ಯಾವ ಬೆಟ್ಟ ಅಂತ ಇಲ್ಲಿ ಯಾರೂ ಕೇಳುವುದಿಲ್ಲ.

ಬುಡದಲ್ಲಿ ಭೋಗ, ನೆತ್ತಿಯಲ್ಲಿ ಯೋಗ

ಬೆಟ್ಟದ ಚರಿತ್ರೆ ನೆತ್ತಿಯಿಂದ ಶುರುವಾಗುವುದಿಲ್ಲ, ಬುಡದ ನಂದಿ ಗ್ರಾಮದಿಂದ ಶುರುವಾಗುತ್ತದೆ. ಅಲ್ಲಿರುವ ಭೋಗನಂದೀಶ್ವರ ದೇವಾಲಯ ನಮ್ಮ ನಾಡಿನ ಅತಿ ಪ್ರಾಚೀನ ದೇವಾಲಯಗಳಲ್ಲಿ ಒಂದು. ಸುಮಾರು ಕ್ರಿ.ಶ. 806ರ ಶಾಸನಗಳಲ್ಲಿ ಇಲ್ಲಿನ ಶಿವಾಲಯದ ಪ್ರಸ್ತಾಪ ಬರುತ್ತದೆ. ಆಗ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ಕಾಲ. ಬಾಣ ವಂಶದ ಅರಸಿ ರತ್ನಾವಳಿ ಇಲ್ಲಿ ಶಿವಾಲಯ ಕಟ್ಟಿಸಿದಳೆಂದು ಇತಿಹಾಸಕಾರರು ಬರೆದಿದ್ದಾರೆ. ಸಾವಿರದ ಇನ್ನೂರು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಮಾಡಿದ ಕೆಲಸ! ನಮ್ಮ ಸಂಘದ ಮಹಿಳಾ ಸದಸ್ಯರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಪಾಲು ಸೇರಿಸಿದರು. ಒಂದೇ ಗುಡಿಯ ಸುತ್ತು ಹಾಕಿದರೆ ನಾಲ್ಕೈದು ಅರಸು ಮನೆತನಗಳ ಕೈಕೆಲಸ ಕಾಣುತ್ತದೆ.

ಈ ದೇವಾಲಯ ಮತ್ತು ಬೆಟ್ಟದ ಮೇಲಿನ ಗುಡಿ ಸೇರಿ ಒಂದೇ ಕಥೆ ಹೇಳುತ್ತವೆ. ಕೆಳಗೆ ಅರುಣಾಚಲೇಶ್ವರ ಶಿವನ ಬಾಲ್ಯ. ಭೋಗನಂದೀಶ್ವರ ಯೌವನ. ನಡುವಿನ ಉಮಾಮಹೇಶ್ವರ ಗುಡಿ ಮದುವೆಯ ಸಂಕೇತ. ಅದರ ಮುಂದಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳನ್ನು ನೋಡುವುದಕ್ಕೇ ಅರ್ಧ ದಿನ ಬೇಕು. ಹೊಸ ಮದುವೆಯವರು ಇಲ್ಲಿಗೆ ಬಂದು ಕೈಮುಗಿಯುವುದು ಇದೇ ಕಾರಣಕ್ಕೆ. ಬೆಟ್ಟದ ನೆತ್ತಿಯ ಯೋಗನಂದೀಶ್ವರ ಮಾತ್ರ ಎಲ್ಲವನ್ನೂ ಬಿಟ್ಟು ಕೂತ ವೈರಾಗ್ಯಮೂರ್ತಿ. ಅದಕ್ಕೇ ಮೇಲೆ ಸಡಗರವಿಲ್ಲ. ತೇರು, ಪರಿಷೆ ಎಲ್ಲ ಕೆಳಗೆ. ಶಿವರಾತ್ರಿಯ ರಥೋತ್ಸವ ಮತ್ತು ದನಗಳ ಜಾತ್ರೆಗೆ ಒಂದು ಕಾಲದಲ್ಲಿ ದೂರ ದೂರದ ಸೀಮೆಗಳಿಂದ ಜೋಡೆತ್ತು ಬರುತ್ತಿದ್ದವು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ಕಡಿಮೆಯಾಗಿವೆ. ಹಲ್ಲು ಎಣಿಸಿ, ಸುಳಿ ನೋಡಿ, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಬೇಕು.

ದೇವಾಲಯದ ಪಕ್ಕದ ಶೃಂಗಿ ತೀರ್ಥ ಎಂಬ ಕಲ್ಯಾಣಿಯೂ ಹೇಳಲೇಬೇಕಾದದ್ದು. ಪಿನಾಕಿನಿ ನದಿ ಇಲ್ಲಿ ಹುಟ್ಟಿತೆಂದು ನಂಬಿಕೆ. ಬುಡದ ಗುಡಿಗೆ ತೀರ್ಥ, ನೆತ್ತಿಯ ಮೇಲೆ ಅಮೃತ ಸರೋವರ. ಗುಡಿ ಕಟ್ಟಿದವರು ಮೊದಲು ನೀರಿನ ಜಾಗ ನೋಡಿ, ಆಮೇಲೆ ಕಲ್ಲಿಟ್ಟರು ಎಂಬುದು ಇದರಿಂದ ಸ್ಪಷ್ಟ.

ಕೋಟೆಯ ಕಥೆ

ನಂದಿಬೆಟ್ಟದ ಮೂರು ಕಡೆ ಕಡಿದಾದ ಬಂಡೆ. ಪಶ್ಚಿಮದ ಕಡೆ ಮಾತ್ರ ಸ್ವಲ್ಪ ಇಳಿಜಾರು. ಇಂಥ ಜಾಗ ಸಿಕ್ಕರೆ ಕೋಟೆ ಕಟ್ಟದೆ ಯಾವ ಪಾಳೆಯಗಾರ ಬಿಟ್ಟಾನು? ಚಿಕ್ಕಬಳ್ಳಾಪುರದ ಪಾಳೆಯಗಾರರ ಕಾಲದ ಕೋಟೆಯನ್ನು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನ್ ಬಲಪಡಿಸಿದರು. ಟಿಪ್ಪು ಇಲ್ಲಿ ಬೇಸಿಗೆಯಲ್ಲಿ ತಂಗಲು ಒಂದು ಚಿಕ್ಕ ಅರಮನೆಯನ್ನೂ ಕಟ್ಟಿಸಿದ.

ಮೂರನೆಯ ಮೈಸೂರು ಯುದ್ಧದಲ್ಲಿ ಬೆಂಗಳೂರು ಕೋಟೆ 1791ರ ಮಾರ್ಚ್‌ನಲ್ಲಿ ಇಂಗ್ಲಿಷರ ವಶವಾಯಿತು. ಆದರೆ ಹಿಂದಿನಿಂದ ದವಸ, ಮದ್ದು-ಗುಂಡು ಬರುವ ದಾರಿ ಭದ್ರವಾಗದೆ ಶ್ರೀರಂಗಪಟ್ಟಣದ ಕಡೆ ಹೋಗುವುದು ಕಾರ್ನ್‌ವಾಲಿಸನಿಗೆ ಸಾಧ್ಯವಿರಲಿಲ್ಲ. ಆ ದಾರಿಗೆ ಅಡ್ಡ ಕೂತಿದ್ದ ಗಿರಿದುರ್ಗಗಳಲ್ಲಿ ನಂದಿ ಮುಖ್ಯ. ಮೇಜರ್ ಗೌಡಿ ಎಂಬ ಅಧಿಕಾರಿ ಸೈನ್ಯ ತಂದು ಮುತ್ತಿಗೆ ಹಾಕಿದ. ಅತಿ ಕಷ್ಟದ ಕೆಲಸವೆಂದರೆ ಫಿರಂಗಿಗಳನ್ನು ಬೆಟ್ಟದ ಇಳಿಜಾರಿನ ಮೇಲೆ ಎಳೆಯುವುದು. ವಾರಗಟ್ಟಲೆ ಹೊಡೆದು ಗೋಡೆಯಲ್ಲಿ ಬಿರುಕು ಮಾಡಿ, 1791ರ ಅಕ್ಟೋಬರ್ 19ರ ಬೆಳಗಿನ ಜಾವ ಬೆಳದಿಂಗಳಿನಲ್ಲಿ ನುಗ್ಗಿ ಕೋಟೆ ಹಿಡಿದರು. ಕೋಟೆಯೊಳಗಿನವರು ಕೊನೆಯವರೆಗೂ ಮೇಲಿನಿಂದ ಬಂಡೆ ಉರುಳಿಸಿ ತಡೆದರು. ಹತ್ತುತ್ತಿದ್ದವರಿಗೆ ಗುಂಡಿಗಿಂತ ಆ ಕಲ್ಲುಗಳಿಂದಲೇ ಹೆಚ್ಚು ಪೆಟ್ಟಾಯಿತಂತೆ. ಇಲ್ಲಿನ ಕಲ್ಲೇ ಇಲ್ಲಿನ ಆಯುಧ!

'ಟಿಪ್ಪು ಡ್ರಾಪ್' ಎಂದು ಹೆಸರಾದ ಪ್ರಪಾತದ ಅಂಚಿನಲ್ಲಿ ನಿಂತು ಇಣುಕಿದರೆ ಇಂದಿಗೂ ಎದೆ ಝಲ್ ಎನ್ನುತ್ತದೆ. ಕೈದಿಗಳನ್ನು ಇಲ್ಲಿಂದ ತಳ್ಳುತ್ತಿದ್ದರು ಎಂಬುದು ಜನ ಹೇಳುವ ಕಥೆ. ಬೆಟ್ಟ ನೋಡಲು ಬಂದವರಿಗೆ ಇಂಥ ಕಥೆ ಬೇಗ ಹಿಡಿಸುತ್ತದೆ. ಆದರೆ ಆ ಅಂಚಿನಲ್ಲಿ ನಿಂತಾಗ ನಿಜವಾಗಿ ನೋಡಬೇಕಾದದ್ದು ಕೆಳಗೆ ಹರಡಿದ ನಮ್ಮ ಊರುಗಳು, ಕೆರೆಗಳು, ದ್ರಾಕ್ಷಿ ಚಪ್ಪರಗಳು.

ತಂಪು ಹುಡುಕಿ ಬಂದವರು

ಯುದ್ಧ ಮುಗಿದ ಮೇಲೆ ಕೋಟೆಗೆ ಕೆಲಸವಿಲ್ಲದಾಯಿತು. ಬೆಟ್ಟಕ್ಕೆ ಹೊಸ ಕೆಲಸ ಸಿಕ್ಕಿತು: ತಂಪು ಕೊಡುವುದು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ಗೆ ನಂದಿ ಅಂದರೆ ಬಹಳ ಪ್ರೀತಿ. ಬೇಸಿಗೆ ಬಂತೆಂದರೆ ಬೆಟ್ಟ ಸೇರುತ್ತಿದ್ದ. ಅವನ ಹೆಸರಿನ ಬಂಗಲೆ ಮುಂದೆ ಪಂಡಿತ್ ಜವಾಹರಲಾಲ್ ನೆಹರೂ ತಂಗಿದ ನೆನಪಿಗೆ 'ನೆಹರೂ ನಿಲಯ' ಎನಿಸಿಕೊಂಡಿತು. ಸಂಸ್ಥಾನದ ತೋಟಗಾರಿಕೆ ಇಲಾಖೆಯ ಮುಖ್ಯಸ್ಥರಾಗಿದ್ದ ಜರ್ಮನಿಯ ಕ್ರುಂಬಿಗಲ್ ಅವರ ಕಾಲದಲ್ಲಿ ಬೆಟ್ಟದ ಮೇಲೆ ಉದ್ಯಾನ ಅಚ್ಚುಕಟ್ಟಾಯಿತು. ಆಮೇಲೆ ದಶಕಗಳ ಕಾಲ ತೋಟಗಾರಿಕೆ ಇಲಾಖೆಯೇ ಬೆಟ್ಟವನ್ನು ನೋಡಿಕೊಂಡಿತು. ಆ ತೋಟದಲ್ಲಿ ಮಣ್ಣು ಅಗೆದು, ಗಿಡಕ್ಕೆ ನೀರು ಹೊತ್ತವರು ಮಾತ್ರ ನಮ್ಮ ಹಳ್ಳಿಗಳವರೇ. ಬಂಗಲೆಯ ಗೋಡೆ ಮೇಲೆ ಅವರ ಹೆಸರು ಇಲ್ಲ.

1915ರಲ್ಲಿ ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಕಂಪನಿಯ ಚಿಕ್ಕ ಗೇಜಿನ ರೈಲು ಓಡತೊಡಗಿತು. ನಂದಿಗೆ ಒಂದು ನಿಲ್ದಾಣವೂ ಬಂತು. 'ನಂದಿ ಹಾಲ್ಟ್' ಎಂಬ ಆ ಹಳೇ ಹೆಂಚಿನ ನಿಲ್ದಾಣ ಈಗಲೂ ಇದೆ. ಹಳಿ ಮಾತ್ರ ಬ್ರಾಡ್‌ಗೇಜ್ ಆಗಿದೆ.

ಮಹಾತ್ಮ ಗಾಂಧಿಯವರು ಎರಡು ಬಾರಿ ಇಲ್ಲಿ ತಂಗಿದ್ದರು. 1927ರ ಮಾರ್ಚ್ ಕೊನೆಯಲ್ಲಿ ಖಾದಿ ಪ್ರವಾಸದ ನಡುವೆ ಅವರ ಆರೋಗ್ಯ ತೀರ ಕೆಟ್ಟಿತು. ವೈದ್ಯರು ವಿಶ್ರಾಂತಿ ಬೇಕೇ ಬೇಕೆಂದರು. ಏಪ್ರಿಲ್‌ನಲ್ಲಿ ನಂದಿಗೆ ಬಂದವರು ಜೂನ್ ಮೊದಲ ವಾರದವರೆಗೆ, ಸುಮಾರು 45 ದಿನ, ಇಲ್ಲಿದ್ದು ಚೇತರಿಸಿಕೊಂಡು ಬೆಂಗಳೂರಿಗೆ ಇಳಿದರು. 1936ರ ಮೇ ತಿಂಗಳಲ್ಲಿ ಮತ್ತೆ ಬಂದರು. ಆಗ ಸರ್ದಾರ್ ಪಟೇಲರೂ ಜೊತೆಗಿದ್ದರು. ವಿಜ್ಞಾನಿ ಸರ್ ಸಿ.ವಿ. ರಾಮನ್ ಬೆಟ್ಟಕ್ಕೇ ಬಂದು ಗಾಂಧೀಜಿಯವರನ್ನು ಕಂಡದ್ದು ಆ ಸಲವೇ. ಅವರು ತಂಗಿದ್ದ ನೆನಪಿಗೆ 'ಗಾಂಧಿ ನಿಲಯ' ಇದೆ.

1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ದೇಶಗಳ ಎರಡನೆಯ ಶೃಂಗಸಭೆ ನಡೆದಾಗ ಏಳು ದೇಶಗಳ ಮುಖ್ಯಸ್ಥರು ನಂದಿಬೆಟ್ಟದ ಮೇಲೆ ಸೇರಿ ಮಾತಾಡಿದರು. ಊರವರಿಗೆ ಆಗ ರಸ್ತೆ ಹೊಸದಾದದ್ದೇ ದೊಡ್ಡ ಸುದ್ದಿ! 2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟದ ಸಭೆಯೂ ಈ ಬೆಟ್ಟದ ಮೇಲೆ ನಡೆಯಿತು. ದೊಡ್ಡವರು ತಂಪು ಜಾಗದಲ್ಲಿ ಕೂತು ಯೋಚಿಸುವುದು ಒಳ್ಳೆಯದೇ. ಬುಡದವರ ಮಾತೂ ಅಲ್ಲಿಗೆ ಹತ್ತಬೇಕು, ಅಷ್ಟೇ.

ಹತ್ತಿ ನೋಡುವವರಿಗೆ

ಈಗ ಬೆಟ್ಟದ ಚೆಲುವಿನ ಮಾತು. ಕಾರು, ಬೈಕಿನಲ್ಲಿ ತಿರುವು ತಿರುವು ದಾಟಿ ಹೋಗುವುದಕ್ಕೂ, ಕಾಲಲ್ಲಿ ಹತ್ತುವುದಕ್ಕೂ ಬಹಳ ವ್ಯತ್ಯಾಸವಿದೆ. ಸುಲ್ತಾನ್‌ಪೇಟೆಯ ಕಡೆಯಿಂದ ಹಳೇ ಮೆಟ್ಟಿಲ ದಾರಿ ಇದೆ. 1175 ಮೆಟ್ಟಿಲು ಎನ್ನುತ್ತಾರೆ. ಲೆಕ್ಕ ಹಾಕುತ್ತಾ ಹೊರಟವರು ಇನ್ನೂರಕ್ಕೇ ಉಸಿರು ಬಿಟ್ಟು ಲೆಕ್ಕ ಬಿಡುತ್ತಾರೆ. ಗಟ್ಟಿ ಕಾಲಿನವರಿಗೆ ಒಂದು ಗಂಟೆ, ಮಕ್ಕಳು ಮರಿ ಕರೆದುಕೊಂಡು ಹೋದರೆ ಎರಡು ಗಂಟೆ ಹಿಡಿಯಬಹುದು. ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ದಾಟಿ ಹೋಗುವಾಗ, ಶತ್ರು ಯಾಕೆ ಇಲ್ಲಿ ಸೋತು ನಿಂತ ಅಂತ ಪಾಠ ಮಾಡಿಸದೇ ಮಕ್ಕಳಿಗೆ ಗೊತ್ತಾಗುತ್ತದೆ.

ಮುಂಜಾನೆ ಮೇಲೆ ನಿಂತರೆ ಮೋಡ ನಮ್ಮ ಕಾಲ ಕೆಳಗೆ ಇರುತ್ತದೆ. ಹಾಲು ಉಕ್ಕಿ ಚೆಲ್ಲಿದ ಹಾಗೆ ಬಯಲೆಲ್ಲ ಬೆಳ್ಳಗೆ. ಅದರ ನಡುವೆ ಸ್ಕಂದಗಿರಿ, ಬ್ರಹ್ಮಗಿರಿ, ಚನ್ನರಾಯನ ಬೆಟ್ಟಗಳ ನೆತ್ತಿಗಳು ಮಾತ್ರ ಕಾಣುತ್ತವೆ. ಬಿಸಿಲೇರಿ ಮೋಡ ಕರಗುತ್ತಾ ಹೋದಂತೆ ಮೊದಲು ಕೆರೆಗಳ ನೀರು ಹೊಳೆಯುತ್ತದೆ, ಆಮೇಲೆ ತೋಟಗಳ ಸಾಲು, ಕೊನೆಗೆ ಊರುಗಳ ಮಾಳಿಗೆ. 'ನಮ್ಮನೆ ಎಲ್ಲಿದೆ ತೋರಿಸು' ಅಂತ ಹುಡುಗರು ಜಗಳಕ್ಕೆ ಬೀಳುವುದು ಆಗಲೇ. ಮಳೆಗಾಲದಲ್ಲಿ ಮರಗಳ ಕೊಂಬೆಗೆಲ್ಲ ಪಾಚಿ ಮೆತ್ತಿಕೊಂಡು, ಮಳೆ ನಿಂತ ಮೇಲೂ ಮರದಡಿ ಹನಿ ಬೀಳುತ್ತಲೇ ಇರುತ್ತದೆ. ಮಂಜನ್ನು ಎಲೆಗಳೇ ಹಿಡಿದು ನೀರು ಮಾಡಿ ಕೆಳಗಿಳಿಸುವ ರೀತಿ ಅದು.

ಪಕ್ಷಿ ನೋಡುವವರಿಗೆ ನಂದಿ ಒಂದು ಯಾತ್ರಾಸ್ಥಳ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇರುವ ನೀಲಗಿರಿ ಕಾಡುಪಾರಿವಾಳ, ಆ ಘಟ್ಟಗಳಿಂದ ಇಷ್ಟು ದೂರದ ಈ ಬೆಟ್ಟದ ನೆತ್ತಿಯ ಮರಗಳಲ್ಲಿ ನೆಲೆಸಿದೆ. ದಕ್ಷಿಣದ ಕಲ್ಲುಬೆಟ್ಟಗಳಲ್ಲಿ ಮಾತ್ರ ಕಾಣುವ ಹಳದಿ ಕೊರಳಿನ ಪಿಕಳಾರವೂ ಇಲ್ಲಿದೆ. ನೆತ್ತಿಯ ಮೇಲೆ ನೆಲ್ಲಿಕಾಯಿ ಬಸವಣ್ಣ, ಅಮೃತ ಸರೋವರ, ಯೋಗನಂದೀಶ್ವರನ ಗುಡಿ, ಟಿಪ್ಪುವಿನ ಬೇಸಿಗೆ ಮನೆ ಇವಿಷ್ಟನ್ನು ನಿಧಾನವಾಗಿ ನೋಡಿ, ಮಧ್ಯಾಹ್ನಕ್ಕೆ ಬುತ್ತಿ ಬಿಚ್ಚಿದರೆ ಒಂದು ದಿನ ಸಾರ್ಥಕ. ಬುತ್ತಿಯ ಮೇಲೆ ಕೋತಿಗಳಿಗೂ ಹಕ್ಕಿದೆ ಎಂಬುದನ್ನು ಮರೆಯಬಾರದು.

ಬೆಟ್ಟದ ನಿಜವಾದ ಸಂಪತ್ತು

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯ ಮಾತಿಗೆ ಬರಬೇಕು. ನಂದಿಯ ಬೆಟ್ಟಸಾಲು ಒಂದು ಮಾಳಿಗೆಯ ಹಾಗೆ. ಅದರ ಮೇಲೆ ಬಿದ್ದ ಮಳೆ ಎಲ್ಲ ದಿಕ್ಕಿಗೂ ಇಳಿಯುತ್ತದೆ. ಅರ್ಕಾವತಿ ದೊಡ್ಡಬಳ್ಳಾಪುರದ ಕಡೆ ಇಳಿದು, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ ದಾಟಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಆಂಧ್ರಕ್ಕೆ ಹೋಗುತ್ತದೆ. ಚಿತ್ರಾವತಿ ಬಾಗೇಪಲ್ಲಿಯ ಕಡೆಯಿಂದ ಹೋಗಿ ಅದನ್ನು ಕೂಡಿಕೊಳ್ಳುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ತಮಿಳುನಾಡಿಗೆ ಇಳಿಯುತ್ತದೆ. ಒಂದು ಬೆಟ್ಟಸಾಲು ಮೂರು ರಾಜ್ಯಗಳಿಗೆ ನೀರು ಕೊಡುತ್ತದೆ ಎಂದರೆ ಸಾಮಾನ್ಯ ಮಾತೇ?

ದೊಡ್ಡ ನದಿಗಳ ಮಾತು ಹಾಗಿರಲಿ. ನಮ್ಮ ಹಿರಿಯರು ಮಾಡಿದ ಜಾಣತನ ಬೇರೆ. ಬೆಟ್ಟದಿಂದ ಇಳಿಯುವ ಪ್ರತಿ ಹಳ್ಳಕ್ಕೂ ಏರಿ ಕಟ್ಟಿ ಕೆರೆ ಮಾಡಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಹೀಗೆ ಕೆರೆಗಳ ಸರಪಳಿ. ತೂಬು ಎತ್ತಿ ಇಳಿಸಲು, ಗದ್ದೆ ಗದ್ದೆಗೆ ಪಾಳಿ ಪ್ರಕಾರ ನೀರು ಬಿಡಲು ನೀರುಗಂಟಿ ಇದ್ದ. ಹೂಳು ತೆಗೆಯುವುದು, ಕಾಲುವೆ ಕೆತ್ತುವುದು ಅಚ್ಚುಕಟ್ಟಿನವರೆಲ್ಲ ಸೇರಿ ಮಾಡುವ ಕೆಲಸ. ಷೇರು ಪುಸ್ತಕ, ರಸೀದಿ, ಆಡಿಟ್ ಯಾವುದೂ ಇಲ್ಲದಿದ್ದರೂ ಅದು ಸಹಕಾರವೇ ಅಲ್ಲವೇ? ಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಬಾಲ್ಯದಲ್ಲಿ ಕಂಡದ್ದು ಇಂಥ ಊರುಗಳನ್ನೇ. ಹನಿ ನೀರಿಗೂ ಲೆಕ್ಕವಿಟ್ಟ ಆ ಮಹನೀಯರು ಕೊನೆಗೆ ಸೇರಿದ್ದೂ ಇದೇ ಮಣ್ಣನ್ನು.

ಬೆಂಗಳೂರು ಪಟ್ಟಣಕ್ಕೆ ಮೊದಲು ನಲ್ಲಿ ನೀರು ಕೊಟ್ಟದ್ದೂ ಈ ಬೆಟ್ಟವೇ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ಹೋದದ್ದು ಅರ್ಕಾವತಿಯ ನೀರು, ಅಂದರೆ ನಂದಿಯ ನೀರು. ಕಾಲ ಹೇಗೆ ತಿರುಗಿತು ನೋಡಿ. ಅರ್ಕಾವತಿ ಬತ್ತಿತು. ನಮ್ಮ ಕೆರೆಗಳು ಬತ್ತಿದವು. ತೆರೆದ ಬಾವಿ ಹೋಗಿ ಬೋರ್‌ವೆಲ್ ಬಂತು. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಬರೀ ದೂಳು. ಈಗ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಿ ಮಾಡಿ, ಪೈಪಿನಲ್ಲಿ ಎತ್ತಿ ತಂದು ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳಿಗೆ ಬಿಡುವ ಯೋಜನೆ ನಡೆದಿದೆ. ಅಮೃತ ಸರೋವರದ ಬುಡದಲ್ಲಿ ಕೂತವರು ಪಟ್ಟಣ ಬಳಸಿ ಬಿಟ್ಟ ನೀರಿಗೆ ಕಾಯಬೇಕಾಯಿತು! ಬರೀ ಒಣ ಕೆರೆಗಿಂತ ಅದು ವಾಸಿ ಎನ್ನುವವರಿದ್ದಾರೆ, ಇನ್ನೂ ಶುದ್ಧಿ ಮಾಡಿ ಕೊಡಿ ಎನ್ನುವವರೂ ಇದ್ದಾರೆ. ಎರಡು ಮಾತಿನಲ್ಲೂ ನ್ಯಾಯವಿದೆ.

ನೀಲಗಿರಿಯ ಪಾಠ

ಇದರಲ್ಲಿ ಬೆಟ್ಟದ ಒಂದು ಮರದ ಪಾತ್ರವೂ ಇದೆ. ಭಾರತದಲ್ಲಿ ನೀಲಗಿರಿ ಮರ ಮೊದಲು ಬೇರೂರಿದ್ದು ನಂದಿಬೆಟ್ಟದಲ್ಲಿ, ಸುಮಾರು 1790ರಲ್ಲಿ ಟಿಪ್ಪುವಿನ ತೋಟದಲ್ಲಿ ಎಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಮುಂದೆ ನಾಡಿನ ತುಂಬ ಹರಡಿದ 'ಮೈಸೂರು' ತಳಿಯ ನೀಲಗಿರಿಯ ಮೂಲವನ್ನೂ ಈ ಬೆಟ್ಟದ ಮರಗಳಿಗೇ ಒಯ್ಯುತ್ತಾರೆ. ತೋಟದಲ್ಲಿ ಅಲಂಕಾರಕ್ಕೆ ನಾಲ್ಕು ಮರ ಇದ್ದಾಗ ಯಾರಿಗೂ ತೊಂದರೆ ಇರಲಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸಸಿ ಹಂಚಿದಾಗ ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ನೀಲಗಿರಿ ಎದ್ದಿತು. ಕೂಲಿ ಆಳು ಬೇಡ, ಕಾವಲು ಬೇಡ, ದನ ಬಾಯಿ ಹಾಕುವುದಿಲ್ಲ, ಕಡಿದರೆ ದುಡ್ಡು. ಕೈಯಲ್ಲಿ ಕಾಸಿಲ್ಲದ ರೈತ ಬೇಡ ಅನ್ನುತ್ತಾನೆಯೇ? ಅವನನ್ನು ದೂರುವ ಹಾಗಿಲ್ಲ. ಆದರೆ ನೆಲದ ತೇವ ಇಳಿಯುತ್ತಾ ಹೋದದ್ದನ್ನು ಎಲ್ಲರೂ ಕಂಡರು. ಅಂತೂ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬೆಟ್ಟದ ಮೇಲೆ ನೆಟ್ಟದ್ದು ಬುಡದವರೆಗೂ ಬರುತ್ತದೆ, ಬುಡದಲ್ಲಿ ಮಾಡಿದ್ದು ಬೆಟ್ಟದ ನೀರಿಗೂ ತಟ್ಟುತ್ತದೆ ಎಂಬುದೇ ಇದರ ಪಾಠ.

2021ನೇ ಇಸವಿ ಇನ್ನೊಂದು ಪಾಠ ಹೇಳಿತು. ಆ ಆಗಸ್ಟ್‌ 24ರ ರಾತ್ರಿಯ ಮಳೆಗೆ ಬೆಟ್ಟದ ಮಣ್ಣು ಕುಸಿದು ಮೇಲೆ ಹೋಗುವ ರಸ್ತೆ ಕೊಚ್ಚಿಹೋಯಿತು. ಡಿಸೆಂಬರ್ 1ರವರೆಗೆ ಬೆಟ್ಟ ಪ್ರವಾಸಿಗರಿಗೆ ಮುಚ್ಚಿತ್ತು. ಅದೇ ವರ್ಷದ ನವೆಂಬರ್ ಮಳೆಗೆ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಎಷ್ಟೋ ವರ್ಷಗಳಿಂದ ತುಂಬದ ಕೆರೆಗಳು ಕೋಡಿ ಹರಿದವು. ಜನ ಬಾಗಿನ ಬಿಟ್ಟರು, ತೆಪ್ಪ ಕಟ್ಟಿದರು. ಬೆಟ್ಟ ನೀರು ಕೊಡುವುದನ್ನು ನಿಲ್ಲಿಸಿಲ್ಲ ಎಂಬುದು ಖಾತ್ರಿಯಾಯಿತು. ಬಂದ ನೀರಿಗೆ ದಾರಿ ಇದೆಯೇ ಎಂಬುದಷ್ಟೇ ಪ್ರಶ್ನೆ. ರಾಜಕಾಲುವೆ ತೆರೆದಿದ್ದ ಕಡೆ ಕೆರೆ ತುಂಬಿತು. ಒತ್ತುವರಿ ಆಗಿದ್ದ ಕಡೆ ನೀರು ರಸ್ತೆ, ಮನೆ ನುಗ್ಗಿತು.

ನಮ್ಮ ಪಾಲಿನ ಕೆಲಸ

ಬೆಟ್ಟಕ್ಕೆ ರೋಪ್‌ವೇ ಹಾಕುವ ಯೋಜನೆಗೆ 2023ರಲ್ಲಿ ಶಂಕುಸ್ಥಾಪನೆ ಆಯಿತು. ಜನ ಇನ್ನೂ ಹೆಚ್ಚು ಬರುತ್ತಾರೆ. ಬರಲಿ, ಬರುವವರನ್ನು ಬೇಡ ಎನ್ನುವುದು ನಮ್ಮ ಸಂಪ್ರದಾಯವಲ್ಲ. ಆದರೆ ಅವರು ನೋಡಲು ಬರುವ ಆ ಹಸಿರು ಬಯಲು, ಹೊಳೆಯುವ ಕೆರೆ ತಾನಾಗಿ ಆದದ್ದಲ್ಲ. ನಮ್ಮ ತಾತ ಮುತ್ತಾತಂದಿರು ಗುದ್ದಲಿ ಹಿಡಿದು ಮಾಡಿದ್ದು. ಕೆರೆ ಬತ್ತಿ, ಹೊಲ ಲೇಔಟ್ ಆಗಿ, ಸುತ್ತಲ ಗುಡ್ಡಗಳೆಲ್ಲ ಜಲ್ಲಿ ಆಗಿ ಲಾರಿ ಹತ್ತಿದರೆ ಮೇಲೆ ನಿಂತು ನೋಡುವುದಕ್ಕೆ ಏನು ಉಳಿದೀತು? ಬೆಟ್ಟದ ಚೆಲುವಿನಲ್ಲಿ ಅರ್ಧ ಭಾಗ ಬೆಟ್ಟದ ಬುಡದಲ್ಲಿದೆ.

ಆದ್ದರಿಂದ ಸಂಘದ ಮುಂದಿನ ವರ್ಷಗಳಿಗೆ ಕೆಲವು ಸಣ್ಣ ಸಲಹೆಗಳನ್ನು ವಿನಯಪೂರ್ವಕವಾಗಿ ಇಡುತ್ತೇನೆ. ಮೊದಲನೆಯದು, ಪ್ರತಿ ವರ್ಷ ಮುಂಗಾರಿಗೆ ಮೊದಲು ಒಂದು ದಿನ ಸಂಘದ ಪ್ರತಿ ಸದಸ್ಯರ ಮನೆಯಿಂದ ಒಂದು ಆಳು ಬಂದು, ಬೆಟ್ಟದ ಕಡೆಯಿಂದ ನಮ್ಮ ಕೆರೆಗೆ ಬರುವ ಕಾಲುವೆ ಶುಚಿ ಮಾಡುವುದು. ಎರಡನೆಯದು, ನೀಲಗಿರಿ ಕಿತ್ತ ಬದುಗಳಲ್ಲಿ ಹೊಂಗೆ, ಬೇವು, ನೇರಳೆ, ಹುಣಸೆ ನೆಡಲು ಸಂಘದಿಂದ ಸಸಿ ಕೊಡುವುದು. ಮೂರನೆಯದು, ಪ್ರವಾಸಿಗರು ಓಡಾಡುವ ದಾರಿಯಲ್ಲಿ ನಮ್ಮವರದೇ ಒಂದು ಮಳಿಗೆ. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ, ಸೀಬೆ, ಹುರಿಗಡಲೆ, ಮಜ್ಜಿಗೆ ಮಾರಲಿ. ಪ್ಲಾಸ್ಟಿಕ್ ಚೀಲ ಮಾತ್ರ ಬೇಡ. ನಾಲ್ಕನೆಯದು ಖರ್ಚಿಲ್ಲದ್ದು: ವರ್ಷಕ್ಕೊಮ್ಮೆ ನಮ್ಮ ಶಾಲೆಯ ಮಕ್ಕಳನ್ನು ಮೆಟ್ಟಿಲ ದಾರಿಯಲ್ಲಿ ಹತ್ತಿಸಿ, ಮೇಲಿನಿಂದ ಅವರವರ ಊರ ಕೆರೆಯನ್ನು ತೋರಿಸುವುದು. ತನ್ನೂರಿನ ಕೆರೆಯನ್ನು ಒಂದು ಸಲ ಅಷ್ಟು ಎತ್ತರದಿಂದ ಕಂಡ ಮಗು ನಾಳೆ ದೊಡ್ಡದಾದ ಮೇಲೆ ಅದಕ್ಕೆ ಮಣ್ಣು ತುಂಬುವುದಿಲ್ಲ.

ಇವು ದೊಡ್ಡ ದೊಡ್ಡ ಯೋಜನೆಗಳಲ್ಲ. ಆದರೆ ನಮ್ಮ ಸಂಘವೂ ಒಂದೇ ದಿನಕ್ಕೆ ದೊಡ್ಡದಾದದ್ದಲ್ಲ. ಹನಿಗೂಡಿದರೆ ಹಳ್ಳ ಎಂಬುದನ್ನು ಇಪ್ಪತ್ತೈದು ವರ್ಷ ನಡೆದು ತೋರಿಸಿದೆ. ಆ ಹಳ್ಳಕ್ಕೆ ಮೂಲವಾದ ಬೆಟ್ಟದ ಕಡೆಗೂ ಒಂದು ಕಣ್ಣಿಡಲಿ. ಭೋಗನಂದೀಶ್ವರನ ಮತ್ತು ಯೋಗನಂದೀಶ್ವರನ ಕೃಪೆಯಿಂದ ಮಳೆ-ಬೆಳೆ ಚೆನ್ನಾಗಿ ಆಗಲಿ, ಸಂಘವು ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ ನಮ್ಮ ಕೆರೆಗಳಲ್ಲಿ ಬೆಟ್ಟದ ನೆರಳು ಬೀಳುವಷ್ಟು ನೀರಿರಲಿ ಎಂದು ಹಾರೈಸುತ್ತಾ, ಎಲ್ಲ ಸದಸ್ಯ ಬಾಂಧವರಿಗೂ ಬೆಳ್ಳಿ ಹಬ್ಬದ ಶುಭಾಶಯಗಳನ್ನು ಕೋರುತ್ತೇನೆ.